ಬೇಲಿಗಳ ನಡುವಿನ ಓಣಿಯಲ್ಲಿ

ಇಂಗ್ಲೆಂಡ್ ಎಂದ ಕೂಡಲೇ ನಮ್ಮವರ ಕಣ್ಣ ಮುಂದೆ ಬರುವುದು ಲಂಡನ್. ದೊಡ್ಡ ಗಡಿಯಾರದ ಗೋಪುರ, ಎರಡು ಅಂತಸ್ತಿನ ಕೆಂಪು ಬಸ್ಸು, ಅರಮನೆ. ನಾನು ಮದುವೆಯಾಗಿ ಪುತ್ತೂರಿನ ಕಡೆಯಿಂದ ಈ ದೇಶಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ಊರಿಗೆ ಹೋದಾಗಲೆಲ್ಲ ನೆಂಟರು “ಲಂಡನ್ನಿನಲ್ಲಿ ಚಳಿ ಹೇಗಿದೆ?” ಎಂದೇ ಕೇಳುತ್ತಾರೆ. ನಾವಿರುವುದು ಲಂಡನ್ನಿನಲ್ಲಲ್ಲ, ಅಲ್ಲಿಂದ ಸುಮಾರು 160 ಕಿಲೋಮೀಟರ್ ಉತ್ತರಕ್ಕಿರುವ ಲೆಸ್ಟರ್‌ನಲ್ಲಿ ಎಂದು ಹೇಳಿ ಹೇಳಿ ಈಗ ಸುಮ್ಮನಾಗಿದ್ದೇನೆ. ಆದರೆ ಈ ಬರಹ ಲೆಸ್ಟರ್ ನಗರದ ಬಗ್ಗೆಯೂ ಅಲ್ಲ. ನಗರ ಮುಗಿದಲ್ಲಿಂದ ಶುರುವಾಗುವ ಹಳ್ಳಿಯ ಓಣಿಗಳ ಬಗ್ಗೆ, ಆ ಓಣಿಗಳಲ್ಲಿ ನಾನು ಸೈಕಲ್ ತುಳಿಯುವುದರ ಬಗ್ಗೆ.

ಓಣಿ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ನಮ್ಮೂರ ಕಡೆಯ ಓಣಿಗಳನ್ನು ನೆನಪಿಸಿಕೊಳ್ಳಿ. ಎರಡೂ ಬದಿಗೆ ದರೆ ಅಥವಾ ಕೆಂಪುಕಲ್ಲಿನ ಪಾಗಾರ, ಅದರ ಮೇಲೆ ಗಿಡಗಂಟಿ, ನಡುವೆ ಒಂದು ಜೀಪು ಹೋಗುವಷ್ಟು ಜಾಗ, ಮುಂದಿನ ತಿರುವಿನ ಆಚೆಗೆ ಏನಿದೆಯೆಂದು ಕಾಣದು. ಇಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ಕೆಂಪುಕಲ್ಲಿನ ಬದಲು ಆಳೆತ್ತರದ ಮುಳ್ಳುಗಿಡಗಳ ಬೇಲಿ. ರಸ್ತೆಗೆ ಡಾಮರು ಇದೆ, ಆದರೆ ಎಷ್ಟೋ ಕಡೆ ಅದರ ನಟ್ಟನಡುವೆ ಹುಲ್ಲು ಬೆಳೆದಿರುತ್ತದೆ, ಯಾಕೆಂದರೆ ಕಾರಿನ ಚಕ್ರಗಳು ಅಲ್ಲಿ ಮುಟ್ಟುವುದಿಲ್ಲ. ಕಾಲುದಾರಿಯಿಲ್ಲ, ಬೀದಿದೀಪವಿಲ್ಲ. ಎದುರಿನಿಂದ ವಾಹನ ಬಂದರೆ ಒಬ್ಬರು ಅಂಚಿಗೆ ಸರಿದು ನಿಲ್ಲಲೇಬೇಕು. ಹೊಲಕ್ಕೆ ಇಳಿಯಲು ಮರದ ತಡಮೆ. ನಮ್ಮಲ್ಲಿ ಮಕ್ಕಳು ಶಾಲೆಗೆ ಹೋಗುವಾಗ ಹತ್ತಿ ಇಳಿಯುತ್ತಿದ್ದ ಅದೇ ತಡಮೆಯನ್ನು ಇಲ್ಲಿ ಮೊದಲ ಬಾರಿ ಕಂಡಾಗ ಸೈಕಲ್ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದ್ದೆ.

ಲೆಸ್ಟರ್ ನಗರದಲ್ಲಿ ನಮ್ಮವರಿಗೆ ಕೊರತೆಯಿಲ್ಲ. 2021ರ ಜನಗಣತಿಯಂತೆ ಇಲ್ಲಿನ ಜನರಲ್ಲಿ ಶೇಕಡಾ 23.5ರಷ್ಟು ಮಂದಿ ಮುಸ್ಲಿಮರು. ಗುಜರಾತಿಗಳು, ಸೊಮಾಲಿಗಳು, ಪಾಕಿಸ್ತಾನದವರು, ಬಂಗಾಳಿಗಳು. ನಡೆದು ಹೋಗುವಷ್ಟು ದೂರದಲ್ಲಿ ಮಸೀದಿ, ಹಲಾಲ್ ಮಾಂಸದ ಅಂಗಡಿ, ಕರಿಬೇವು ಸಿಗುವ ತರಕಾರಿ ಅಂಗಡಿ. ಇದೆಲ್ಲ ದೊಡ್ಡ ಅನುಗ್ರಹವೇ. ಆದರೆ ಇದರಿಂದ ಒಂದು ವಿಚಿತ್ರವೂ ಆಗುತ್ತದೆ. ಹತ್ತಾರು ವರ್ಷ ಇಲ್ಲಿ ಬದುಕಿದ ಹೆಂಗಸರು ನಗರದ ಅಂಚು ದಾಟಿರುವುದಿಲ್ಲ. ವಿಮಾನ ನಿಲ್ದಾಣ ಗೊತ್ತು, ಆಸ್ಪತ್ರೆ ಗೊತ್ತು, ಮದುವೆ ಹಾಲ್ ಗೊತ್ತು. ಪೂರ್ವದ ಎವಿಂಗ್ಟನ್ ಬಡಾವಣೆಯಿಂದ ಹೊರಟರೆ ಸೈಕಲ್ಲಿನಲ್ಲಿ ಕೆಲವೇ ನಿಮಿಷಗಳಲ್ಲಿ ಮನೆಗಳ ಸಾಲು ಕತ್ತರಿಸಿದಂತೆ ನಿಂತು ಕುರಿ ಮೇಯುವ ಹೊಲ ಶುರುವಾಗುತ್ತದೆ ಎಂಬುದು ಹದಿನೈದು ವರ್ಷಗಳ ಕಾಲ ನನಗೂ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಸೈಕಲ್ ಇರಲಿಲ್ಲವೆಂದಲ್ಲ. ನನ್ನ ಬಾಪನ ಬಳಿ ಒಂದು ರ‍್ಯಾಲಿ ಸೈಕಲ್ ಇತ್ತು. ಭಾನುವಾರ ಅದನ್ನು ತೆಂಗಿನೆಣ್ಣೆ ಹಾಕಿ ಒರೆಸುತ್ತಿದ್ದರು. ಪಶ್ಚಿಮ ಬಂಗಾಳದ ಆಸನ್‌ಸೋಲ್‌ನಲ್ಲಿ ತಯಾರಾದ ಸೈಕಲ್ ಅದು. ಆ ಹೆಸರು ಮಾತ್ರ ನಾಟಿಂಗ್‌ಹ್ಯಾಮ್‌ನದ್ದು, ಲೆಸ್ಟರ್‌ನಿಂದ ಅರ್ಧ ಗಂಟೆಯ ರೈಲು ಪ್ರಯಾಣ. 1880ರ ದಶಕದಲ್ಲಿ ಅಲ್ಲಿನ ರ‍್ಯಾಲಿ ಬೀದಿಯಲ್ಲಿ ಶುರುವಾದ ಕಾರ್ಖಾನೆ, 2002ರಲ್ಲಿ ಅಲ್ಲಿನ ತಯಾರಿಕೆಯನ್ನು ನಿಲ್ಲಿಸಿತು. ಇಂದು ನಾವು ನೋಡುವ ಸೈಕಲ್ಲಿನ ರೂಪವೂ, ಅಂದರೆ ಎರಡು ಸಮ ಗಾತ್ರದ ಗಾಲಿ, ಹಿಂದಿನ ಗಾಲಿಗೆ ಚೈನು, ಇಲ್ಲೇ ಹತ್ತಿರದ ಕೊವೆಂಟ್ರಿಯಲ್ಲಿ 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ‘ರೋವರ್’ನಿಂದ ಬಂದದ್ದು. ಅಂದರೆ ಸೈಕಲ್ಲಿನ ತವರಿಗೇ ನಾನು ಮದುವೆಯಾಗಿ ಬಂದಿದ್ದೆ, ಸೈಕಲ್ ಬಾರದೆ! ಊರಿನಲ್ಲಿ ಅಣ್ಣ ಗಂಟೆಗೆ ಇಷ್ಟೆಂದು ಬಾಡಿಗೆ ಕೊಟ್ಟು ಸಣ್ಣ ಸೈಕಲ್ ತಂದು ಕಲಿಯುವಾಗ ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡುವುದು ನನ್ನ ಕೆಲಸವಾಗಿತ್ತು. ಹನ್ನೆರಡು ವರ್ಷ ತುಂಬಿದ ಮೇಲೆ ಆ ಓಟವೂ ನಿಂತಿತು. ಯಾರೂ ಗದರಿಸಲಿಲ್ಲ. ಆ ಕಾಲದಲ್ಲಿ ಅದು ಹಾಗೆಯೇ ತನ್ನಷ್ಟಕ್ಕೆ ನಿಲ್ಲುತ್ತಿತ್ತು.

2020ರ ರಮಝಾನಿನಲ್ಲಿ ನನ್ನ ಉಮ್ಮ ತೀರಿಕೊಂಡರು. ಆ ವರ್ಷ ಮಾರ್ಚ್ ತಿಂಗಳಲ್ಲೇ ಭಾರತಕ್ಕೆ ವಿಮಾನ ನಿಂತಿತ್ತು. ಮಯ್ಯಿತ್ತನ್ನು ಮನೆಯಿಂದ ಎತ್ತುವುದನ್ನು ಅಣ್ಣನ ಮಗ ಫೋನಿನಲ್ಲಿ ತೋರಿಸಿದ. ಸಿಗ್ನಲ್ ನಡುನಡುವೆ ಕಡಿದು ಹೋಗುತ್ತಿತ್ತು. ಇಲ್ಲಿ ನಮ್ಮ ಮನೆಯಲ್ಲಿ ಪತಿ ಮತ್ತು ಇಬ್ಬರು ಗಂಡು ಮಕ್ಕಳು, ಮೂವರೂ ಒಂದೊಂದು ಕೋಣೆಯಲ್ಲಿ ಕಂಪ್ಯೂಟರ್ ಮುಂದೆ. ಎಲ್ಲರೂ ಪ್ರೀತಿಯವರೇ. ಆದರೆ ಸದ್ದು ಮಾಡಿ ಅಳಲು ನನಗೊಂದು ಜಾಗ ಇರಲಿಲ್ಲ. ಜೂನ್ ಕೊನೆಗೆ ಬೇರೆ ಊರುಗಳಲ್ಲಿ ನಿರ್ಬಂಧ ಸಡಿಲವಾಗುವ ಹೊತ್ತಿಗೆ ಲೆಸ್ಟರ್‌ಗೆ ಮಾತ್ರ ಮತ್ತೆ ಬೀಗ ಬಿತ್ತು. ಇಡೀ ದೇಶದಲ್ಲಿ ಒಂದು ಊರಿಗೆಂದೇ ಹಾಕಿದ ಮೊದಲ ಲಾಕ್‌ಡೌನ್ ಅದು. ಆ ಬೇಸಿಗೆ ನಾನು ಅಡುಗೆ ಮನೆಯ ಸಿಂಕಿನ ಮುಂದೆ ನಿಂತು ಕಳೆದ ಹೊತ್ತು ಅಷ್ಟಿಷ್ಟಲ್ಲ. ನೀರಿನ ಸದ್ದಿನಲ್ಲಿ ಅಳುವುದು ಕೇಳುವುದಿಲ್ಲವಲ್ಲ.

ಮುಂದಿನ ವರ್ಷ ಪಕ್ಕದ ಬೀದಿಯ ಗುಜರಾತಿ ಆಪಾ ನನ್ನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಒಂದು ಪಾರ್ಕಿಗೆ ಕರೆದುಕೊಂಡು ಹೋದರು. ದೊಡ್ಡವರಿಗೆ ಉಚಿತವಾಗಿ ಸೈಕಲ್ ಕಲಿಸುವ ತರಗತಿ. ಆರು ಹೆಂಗಸರಿದ್ದೆವು, ಅತ್ಯಂತ ಹಿರಿಯರಿಗೆ ಅರವತ್ತೆರಡು ವರ್ಷ. ನಮ್ಮಲ್ಲಿ ಮಕ್ಕಳಿಗೆ ಕಲಿಸುವಂತೆ ಹಿಂದಿನಿಂದ ಹಿಡಿದುಕೊಂಡು ಓಡುತ್ತಾರೆಂದು ನಾನು ಭಾವಿಸಿದ್ದೆ. ಹಾಗಲ್ಲ. ಕಲಿಸುವಾಕೆ ಮೊದಲು ಮಾಡಿದ್ದು ಸೈಕಲ್ಲಿನ ಎರಡೂ ಪೆಡಲುಗಳನ್ನು ಬಿಚ್ಚಿ ತೆಗೆದದ್ದು. ಸೀಟನ್ನು ಪೂರ್ತಿ ಕೆಳಗಿಳಿಸಿದಳು, ಎರಡೂ ಪಾದ ನೆಲಕ್ಕೆ ಚಪ್ಪಟೆಯಾಗಿ ತಾಗುವಂತೆ. ಕುಳಿತು ಕಾಲಿನಿಂದ ನೆಲವನ್ನು ತಳ್ಳಿ ಮುಂದೆ ಜಾರುವುದು, ಅಷ್ಟೇ ಕೆಲಸ. ಮೊದಲು ಎರಡು ಮಾರು, ಆಮೇಲೆ ನಾಲ್ಕು. ಕಾಲು ಎತ್ತಿ ಹತ್ತು ಮಾರು ಜಾರಿದರೆ ತೂಕ ಹಿಡಿದಂತೆಯೇ, ಪೆಡಲ್ ಆಮೇಲಿನ ಮಾತು. ಮೂರನೇ ವಾರ ಪೆಡಲ್ ಹಾಕಿಕೊಟ್ಟರು. ಓದುವ ಸಹೋದರಿಯರಲ್ಲಿ ಕಲಿಯಬೇಕೆಂಬ ಆಸೆಯಿದ್ದು ಬೀಳುವ ಭಯವಿರುವವರು ಈ ಉಪಾಯ ಮಾಡಿ ನೋಡಬಹುದು. ಅಂಗಳ ಸಾಕು, ಯಾರೂ ಹಿಡಿದುಕೊಳ್ಳಬೇಕಾಗಿಲ್ಲ.

ಮನೆಯ ಹಿಂದಿನ ಶೆಡ್ಡಿನಲ್ಲಿ ಮಗನ ಹಳೆಯ ಸೈಕಲ್ ಇತ್ತು. ವರ್ಷ ಕಳೆದ ಮೇಲೆ ಅದನ್ನು ಕೊಟ್ಟು ಒಂದು ಸೆಕೆಂಡ್ ಹ್ಯಾಂಡ್ ರೋಡ್ ಸೈಕಲ್ ತೆಗೆದುಕೊಂಡೆ. ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಎರಡು ಬೆರಳಿನಷ್ಟು ಅಗಲದ ಟೈರು, ಒಂದು ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. “ಇದರಲ್ಲಿ ಒಂದು ಕಿಲೋ ಈರುಳ್ಳಿ ತರಲಿಕ್ಕೂ ಆಗುವುದಿಲ್ಲವಲ್ಲ!” ಎಂದು ಪತಿ ನಕ್ಕರು. ಅವರ ಮಾತು ನಿಜ. ಈರುಳ್ಳಿ ತರುವ ಸೈಕಲ್ ಅಲ್ಲ ಅದು. ಆಗ ಅವರು ನಗುತ್ತಿದ್ದರೂ ಮೊದಲ ಒಂದು ತಿಂಗಳು ನಾನು ಹೊರಟ ಕೂಡಲೇ ಫೋನಿನ ನಕ್ಷೆಯಲ್ಲಿ ನನ್ನ ಚುಕ್ಕೆ ಎಲ್ಲಿ ಚಲಿಸುತ್ತಿದೆ ಎಂದು ನೋಡುತ್ತ ಕೂರುತ್ತಿದ್ದರೆಂದು ಮಗ ಹೇಳಿದ.

ಇಲ್ಲಿ ದಾರಿ ಹುಡುಕುವುದೇ ಒಂದು ವಿದ್ಯೆ. ಬ್ರಿಟನ್ನಿನ ಸರಕಾರಿ ಭೂಪಟ ಸಂಸ್ಥೆ ‘ಆರ್ಡನೆನ್ಸ್ ಸರ್ವೆ’ಯ ಕಾಗದದ ನಕ್ಷೆಗಳು ಅಂಗಡಿಯಲ್ಲಿ ಸಿಗುತ್ತವೆ. ನಮ್ಮ ಭಾಗದ್ದು 140 ಮತ್ತು 141ನೇ ಹಾಳೆ. ಅದರಲ್ಲಿ ಹಳದಿ ಬಣ್ಣದ ಸಪೂರ ಗೆರೆಗಳಿವೆಯಲ್ಲ, ಅವೇ ನನ್ನ ಓಣಿಗಳು. ಗೆರೆಯ ಮೇಲೆ ಒಂದು ಬಾಣದ ಗುರುತಿದ್ದರೆ ಕಡಿದಾದ ಏರು, ಎರಡು ಬಾಣವಿದ್ದರೆ ಇನ್ನೂ ಕಡಿದು. ಸ್ಟೌಟನ್, ಗಾಲ್ಬಿ, ಕಿಂಗ್ಸ್ ನಾರ್ಟನ್, ಟಿಲ್ಟನ್ ಆನ್ ದ ಹಿಲ್. ಈ ಹಳ್ಳಿಗಳ ಹೆಸರು ನನಗೀಗ ವಿಟ್ಲ, ಕಬಕ, ಸವಣೂರು ಎಂದಷ್ಟೇ ಸಲೀಸು. ಇನ್ನೂ ದೂರ ಹೋಗುವವರಿಗೆ 63ನೇ ಸಂಖ್ಯೆಯ ರಾಷ್ಟ್ರೀಯ ಸೈಕಲ್ ದಾರಿಯಿದೆ. ಅದು ಪೂರ್ವಕ್ಕೆ ರಟ್‌ಲ್ಯಾಂಡಿನ ಓಕಮ್ ಎಂಬಲ್ಲಿಗೆ ಕರೆದೊಯ್ಯುತ್ತದೆ. ಕೆಲವು ಓಣಿಗಳಿಗೆ ರಸ್ತೆಗೆ ಅಡ್ಡಲಾಗಿ ಗೇಟು ಇದೆ, ಯಾಕೆಂದರೆ ಅಲ್ಲಿ ಬೇಲಿಯಿಲ್ಲದೆ ದನ, ಕುರಿ ಮೇಯುತ್ತವೆ. ಇಳಿದು ಗೇಟು ತೆರೆದು, ದಾಟಿ, ಮುಚ್ಚಿ ಮುಂದೆ ಹೋಗಬೇಕು. ಕಾರಿನವರಿಗೆ ಇದು ಕಿರಿಕಿರಿ, ಹಾಗಾಗಿ ಅವರು ಆ ಕಡೆ ಬರುವುದು ಕಡಿಮೆ. ಗೇಟು ಇದ್ದಷ್ಟೂ ನಮಗೆ ಒಳ್ಳೆಯದು!

ಏರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪೂರ್ವ ಲೆಸ್ಟರ್‌ಶೈರ್‌ನಲ್ಲಿ ಬೆಟ್ಟಗಳಿಲ್ಲ, ಆದರೆ ಸಮತಟ್ಟೂ ಇಲ್ಲ. ಒಂದರ ಹಿಂದೊಂದು ದಿಣ್ಣೆ. ಹೊಸದರಲ್ಲಿ ಹಲ್ಲು ಕಚ್ಚಿ ಬಲ ಹಾಕುತ್ತಿದ್ದೆ, ಮಂಡಿ ನೋಯುತ್ತಿತ್ತು. ಆಪಾ ಹೇಳಿದರು, “ಹಗುರದ ಗೇರಿಗೆ ಹಾಕಿ ಕಾಲು ಸುಮ್ಮನೆ ತಿರುಗಿಸು, ಮೇಲೆ ನೋಡಬೇಡ.” ಕಡೆಯುವ ಕಲ್ಲಿನಲ್ಲಿ ಮಸಾಲೆ ಅರೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಗುಂಡುಕಲ್ಲನ್ನು ಒತ್ತಿ ತಿರುಗಿಸಿದರೆ ರಟ್ಟೆ ಸೋಲುತ್ತದೆ, ಒಂದೇ ಲಯದಲ್ಲಿ ತಿರುಗಿಸುತ್ತಿದ್ದರೆ ಅದು ತನ್ನಷ್ಟಕ್ಕೆ ಅರೆಯುತ್ತದೆ.

ಬಟ್ಟೆಯ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಊರಿನವರೂ ಕೇಳುತ್ತಾರೆ, ಇಲ್ಲಿನವರೂ ಕೇಳುತ್ತಾರೆ. ನಾನು ಹಾಕುವುದು ಮಂಡಿ ದಾಟುವ ಸಡಿಲ ಕುರ್ತಾ, ಪ್ಯಾಂಟು, ಚೈನಿಗೆ ಸಿಕ್ಕದಂತೆ ಕಣಕಾಲಿಗೊಂದು ಪಟ್ಟಿ. ತಲೆಗೆ ತೆಳುವಾದ ಹತ್ತಿಯ ಸ್ಕಾರ್ಫ್, ಗಂಟು ಹಿಂದಕ್ಕೆ, ಅದರ ಮೇಲೆ ಹೆಲ್ಮೆಟ್. ಹೆಲ್ಮೆಟ್ ಹಾಕಲೇಬೇಕೆಂದು ಈ ದೇಶದ ಕಾನೂನು ಹೇಳುವುದಿಲ್ಲ, ನಾನು ಹಾಕುತ್ತೇನೆ. ಲಂಡನ್ನಿನಲ್ಲಿ ಮುಸ್ಲಿಮ್ ಹೆಂಗಸರೇ ಸೇರಿ ಸವಾರಿ ಹೋಗುವ ‘ಸೈಕಲ್ ಸಿಸ್ಟರ್ಸ್’ ಎಂಬ ಸಂಘಟನೆ 2016ರಲ್ಲಿ ಶುರುವಾಯಿತು. ಅವರ ಚಿತ್ರಗಳನ್ನು ನೋಡಿಯೇ ಅಬಾಯದ ಮೇಲೂ ಸೈಕಲ್ ತುಳಿಯಬಹುದೆಂದು ನನಗೆ ಗೊತ್ತಾದದ್ದು.

ಹೆಣ್ಣಿನ ಬಟ್ಟೆ ಮತ್ತು ಸೈಕಲ್ಲಿನ ಜಗಳ ಇಲ್ಲಿ ಹೊಸದೇನಲ್ಲ. ಲೇಡಿ ಹಾರ್ಬರ್ಟನ್ ಎಂಬ ಸಿರಿವಂತ ಮಹಿಳೆ 1881ರಲ್ಲಿಯೇ ಹೆಂಗಸರಿಗೆ ಅನುಕೂಲವಾದ ಉಡುಪು ಬೇಕೆಂದು ಒಂದು ಸಂಘ ಕಟ್ಟಿದ್ದರು. ನೆಲ ಗುಡಿಸುವ ಲಂಗದ ಬದಲು ಮಂಡಿಯ ಕೆಳಗೆ ಕಟ್ಟಿದ ಸಡಿಲ ಚಲ್ಲಣ ಹಾಕಿ ಅವರು ಸೈಕಲ್ ತುಳಿಯುತ್ತಿದ್ದರು. 1898ರ ಅಕ್ಟೋಬರಿನಲ್ಲಿ ಸರ್ರೆ ಜಿಲ್ಲೆಯ ಆಕಮ್ ಎಂಬ ಹಳ್ಳಿಯ ಹೋಟೆಲಿಗೆ ಊಟಕ್ಕೆ ಹೋದಾಗ ಯಜಮಾನಿ ಇವರ ವೇಷ ನೋಡಿ ಹೆಂಗಸರು ಕೂರುವ ಕೋಣೆಗೆ ಬಿಡಲಿಲ್ಲ, ಬೇಕಿದ್ದರೆ ಗಂಡಸರು ಕುಡಿಯುವ ಕೋಣೆಯಲ್ಲಿ ಕೂರಿ ಎಂದಳು. 1878ರಲ್ಲಿ ಹುಟ್ಟಿದ ಸೈಕಲ್ ಸವಾರರ ಸಂಘವೊಂದು ಅವರ ಪರವಾಗಿ ಮೊಕದ್ದಮೆ ಹೂಡಿತು. 1899ರಲ್ಲಿ ತೀರ್ಪು ಬಂತು, ಹೋಟೆಲಿನವಳದ್ದು ತಪ್ಪಿಲ್ಲ ಎಂದು. ಮೊಕದ್ದಮೆ ಸೋತರೂ ಅವರು ಸೈಕಲ್ ಬಿಡಲಿಲ್ಲ. ಅಂದು ಬಟ್ಟೆ ಕಡಿಮೆಯಾಯಿತೆಂದು ದುರುಗುಟ್ಟಿದ ಊರಿನಲ್ಲಿ ಇಂದು ನನ್ನಂಥವಳ ಬಟ್ಟೆ ಹೆಚ್ಚಾಯಿತೆಂದು ನೋಡುವವರಿದ್ದಾರೆ. ಲೇಡಿ ಹಾರ್ಬರ್ಟನ್ ಇದ್ದಿದ್ದರೆ ನಮ್ಮಿಬ್ಬರಿಗೂ ಮಾತಾಡಲು ಬೇಕಾದಷ್ಟು ಇತ್ತು.

ಎಲ್ಲವೂ ಸೊಗಸು ಎಂದು ಬರೆದರೆ ಸುಳ್ಳಾದೀತು. ಓಣಿಯ ಮೌನವನ್ನು ನಂಬಿ ಮೈಮರೆಯುವ ಹಾಗಿಲ್ಲ. ಬೇರೆ ಫಲಕ ಇಲ್ಲದಿದ್ದರೆ ಇಂಥ ಓಣಿಯಲ್ಲೂ ಕಾರಿಗೆ ಕಾನೂನಿನ ಮಿತಿ ಗಂಟೆಗೆ 60 ಮೈಲಿ, ಅಂದರೆ 96 ಕಿಲೋಮೀಟರ್! ಬ್ರಿಟನ್ನಿನ ರಸ್ತೆ ಅಪಘಾತದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಡೆಯುವುದು ಪೇಟೆಗಳಲ್ಲಲ್ಲ, ಹಳ್ಳಿಗಾಡಿನ ರಸ್ತೆಗಳಲ್ಲಿ. ತಿರುವಿನಲ್ಲಿ ಕಿವಿಯೇ ಕಣ್ಣು. ಹಾಗಾಗಿ ನಾನು ಕಿವಿಗೆ ಏನೂ ಸಿಕ್ಕಿಸಿಕೊಳ್ಳುವುದಿಲ್ಲ, ಖುರ್‌ಆನ್ ಪಾರಾಯಣವನ್ನೂ ಸವಾರಿಯಲ್ಲಿ ಕೇಳುವುದಿಲ್ಲ. ಒಮ್ಮೆ ಒಂದು ಕಾರಿನಲ್ಲಿದ್ದ ಹುಡುಗರು ಕಿಟಕಿಯಿಂದ ತಲೆ ಹಾಕಿ ನನ್ನ ಸ್ಕಾರ್ಫ್ ಬಗ್ಗೆ ಏನೋ ಕೂಗಿ, ಮೈಗೆ ತಾಗುವಷ್ಟು ಹತ್ತಿರದಿಂದ ಹಾದು ಹೋದರು. ಬೇಲಿಗೆ ಒರಗಿ ನಿಂತೆ. ಕೈ ನಡುಗುವುದು ನಿಲ್ಲಲು ಹತ್ತು ನಿಮಿಷ ಬೇಕಾಯಿತು. ಮನೆಯಲ್ಲಿ ಹೇಳಿದರೆ ಸವಾರಿ ನಿಂತೀತೆಂದು ಮೂರು ದಿನ ಹೇಳಲಿಲ್ಲ, ನಾಲ್ಕನೇ ದಿನ ಹೇಳಿದೆ. ಪತಿ ಬಹಳ ಹೊತ್ತು ಸುಮ್ಮನಿದ್ದರು. ಆ ಮೇಲೆ ಸೈಕಲ್ಲಿನ ಹಿಂದಕ್ಕೆ ಹಗಲಿನಲ್ಲೂ ಕಾಣುವಂಥ ಕೆಂಪು ದೀಪವೊಂದನ್ನು ತಂದು ತಾವೇ ಸಿಕ್ಕಿಸಿಕೊಟ್ಟರು.

ಇದಕ್ಕೆ ಎದುರಾಗಿ ಇನ್ನೊಂದನ್ನೂ ಹೇಳಬೇಕು. ಓಣಿಯಲ್ಲಿ ಎದುರು ಬರುವ ಟ್ರ್ಯಾಕ್ಟರಿನವರು ಹತ್ತರಲ್ಲಿ ಒಂಬತ್ತು ಸಲ ಅಂಚಿಗೆ ಸರಿದು ನಿಂತು, ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುತ್ತಾರೆ. ಅದು ಇಲ್ಲಿನ ಹಳ್ಳಿಯವರ ಸಲಾಮು. ನಾವೂ ಒಂದು ಬೆರಳು ಎತ್ತಬೇಕು. 2022ರ ಜನವರಿಯಲ್ಲಿ ಈ ದೇಶದ ರಸ್ತೆ ನಿಯಮದ ಪುಸ್ತಕವನ್ನು ತಿದ್ದಿದರು. ಹೆಚ್ಚು ಅಪಾಯ ಮಾಡಬಲ್ಲವರ ಮೇಲೆ ಹೆಚ್ಚು ಹೊಣೆ ಎಂಬುದು ಅದರ ತಿರುಳು. ಲಾರಿಯವನಿಗಿಂತ ಕಾರಿನವನದ್ದು ಕಡಿಮೆ, ಕಾರಿನವನಿಗಿಂತ ಸೈಕಲ್ಲಿನವಳದ್ದು ಕಡಿಮೆ, ನಡೆಯುವವರ ಮುಂದೆ ಸೈಕಲ್ಲಿನವಳೂ ಹೊಣೆಗಾರಳು. ಸೈಕಲ್ಲನ್ನು ದಾಟುವ ಕಾರು ಕನಿಷ್ಠ ಒಂದೂವರೆ ಮೀಟರ್ ಜಾಗ ಬಿಡಬೇಕು, ಕುದುರೆಯನ್ನು ದಾಟುವಾಗ ಎರಡು ಮೀಟರ್. ಇಲ್ಲಿ ಕುದುರೆ ಸವಾರಿ ಮಾಡುವ ಹೆಂಗಸರು ಬಹಳ. ಹಿಂದಿನಿಂದ ಸದ್ದಿಲ್ಲದೆ ಸೈಕಲ್ ಹೋದರೆ ಕುದುರೆ ಬೆಚ್ಚುತ್ತದೆ. ದೂರದಿಂದಲೇ ದನಿ ಮಾಡಿ, ನಿಧಾನವಾಗಿ ದೂರ ಬಿಟ್ಟು ಹೋಗಬೇಕು. ಹೀಗೆ ಪರಿಚಯವಾದ ಎಪ್ಪತ್ತು ದಾಟಿದ ಒಬ್ಬರು ನನ್ನನ್ನು ಕಂಡಾಗಲೆಲ್ಲ ಕುದುರೆ ನಿಲ್ಲಿಸಿ ಹವೆಯ ಬಗ್ಗೆ ಮಾತಾಡುತ್ತಾರೆ. ಅವರ ಹೆಸರು ನನಗೆ ಗೊತ್ತಿಲ್ಲ, ಅವರ ಕುದುರೆಯ ಹೆಸರು ಗೊತ್ತು.

ಈ ಮೌನಕ್ಕೂ ಒಂದು ಕಥೆಯಿದೆ. ಹೌಟನ್ ಆನ್ ದ ಹಿಲ್ ಎಂಬ ಹಳ್ಳಿಯ ಹತ್ತಿರ ಇಂಗರ್ಸ್‌ಬಿ ಎಂಬಲ್ಲಿ ಓಣಿಯ ಬದಿಯ ಹುಲ್ಲುಗಾವಲು ವಿಚಿತ್ರವಾಗಿ ಉಬ್ಬು ತಗ್ಗಾಗಿದೆ. ಮೊದಲು ನಾನು ಅದನ್ನು ಮಳೆ ನೀರು ಕೊರೆದದ್ದು ಎಂದುಕೊಂಡಿದ್ದೆ. ಅಲ್ಲ, ಅದು ಒಂದು ಊರು. ಆ ತಗ್ಗುಗಳು ಬೀದಿಗಳು, ಉಬ್ಬುಗಳು ಮನೆಗಳ ಪಂಚಾಂಗ. ಲೆಸ್ಟರ್‌ನ ಕ್ರೈಸ್ತ ಮಠದವರ ಕೈಯಲ್ಲಿದ್ದ ಆ ಊರಿನ ಜಮೀನಿಗೆ 1469ರಲ್ಲಿ ಬೇಲಿ ಹಾಕಿ, ಉಳುವುದನ್ನು ನಿಲ್ಲಿಸಿ, ಹುಲ್ಲುಗಾವಲು ಮಾಡಿದರು. ಉಣ್ಣೆಗೆ ಬೆಲೆಯಿತ್ತು, ಉಳುವ ಜನರು ಬೇಡವಾದರು. ಸುತ್ತಲಿನ ಹೊಲಗಳಲ್ಲಿ ಸಂಜೆಯ ಓರೆ ಬಿಸಿಲಿನಲ್ಲಿ ಸಾಲು ಸಾಲು ದಿಂಡುಗಳು ಕಾಣುತ್ತವೆ, ಎತ್ತು ಕಟ್ಟಿ ಉಳುತ್ತಿದ್ದ ಆ ಕಾಲದ ನೇಗಿಲಿನ ಗುರುತು, ಹುಲ್ಲಿನ ಕೆಳಗೆ ಹಾಗೆಯೇ ಉಳಿದಿವೆ. ನಾನು ಮೆಚ್ಚಿಕೊಳ್ಳುವ ಈ ಚೆಂದದ ಬೇಲಿಗಳಲ್ಲಿ ಬಹಳಷ್ಟು ಮುಂದೆ, ಹದಿನೆಂಟು ಹತ್ತೊಂಬತ್ತನೇ ಶತಮಾನದಲ್ಲಿ, ಊರಿನ ಸಾಮೂಹಿಕ ಭೂಮಿಯನ್ನು ಕಾನೂನು ಮಾಡಿ ಪಾಲು ಹಾಕಿದಾಗ ನೆಟ್ಟವು. ಬಡವನ ದನಕ್ಕೆ ಮೇವಿನ ಜಾಗ ಹೋದದ್ದೂ ಆಗಲೇ. ಇದನ್ನು ತಿಳಿದ ಮೇಲೆ ಆ ತಿರುವಿನಲ್ಲಿ ನಾನು ವೇಗ ಹೆಚ್ಚಿಸುವುದಿಲ್ಲ. ಊರು ಬಿಟ್ಟು ಬಂದವಳಿಗೆ ಊರು ಕಳೆದುಕೊಂಡವರ ನೆಲ ಸುಮ್ಮನೆ ದಾಟಿ ಹೋಗುವಂಥದ್ದಲ್ಲ.

ಬೇಲಿಯ ಇನ್ನೊಂದು ಉಪದ್ರವ ಸೆಪ್ಟೆಂಬರಿನಲ್ಲಿ. ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರ ತನಕ ರೈತರು ಬೇಲಿ ಕತ್ತರಿಸುವಂತಿಲ್ಲ. ಸೆಪ್ಟೆಂಬರ್ ಬಂತೆಂದರೆ ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರ ಓಣಿ ಓಣಿಯಲ್ಲಿ ಬೇಲಿ ಸವರುತ್ತದೆ, ಮುಳ್ಳು ರಸ್ತೆಯ ತುಂಬ. ಕಾರಿಗೆ ಅದು ಲೆಕ್ಕಕ್ಕಿಲ್ಲ, ನಮ್ಮ ಸಪೂರ ಟೈರಿಗೆ ಸೂಜಿಯಂತೆ. ಇಲ್ಲಿ ಹಳ್ಳಿಯಲ್ಲಿ ಪಂಕ್ಚರ್ ಅಂಗಡಿ ಇಲ್ಲ, ಮರದ ಕೆಳಗೆ ಬೋಗುಣಿಯಲ್ಲಿ ನೀರಿಟ್ಟು ಕೂತ ಹುಡುಗನೂ ಇಲ್ಲ. ಗಾಲಿ ಬಿಚ್ಚಿ, ಪ್ಲಾಸ್ಟಿಕ್ಕಿನ ಎರಡು ಸನ್ನೆ ಕೋಲಿನಿಂದ ಟೈರು ಎಬ್ಬಿಸಿ, ಹೊಸ ಟ್ಯೂಬ್ ಹಾಕಿ, ಕೈ ಪಂಪಿನಲ್ಲಿ ಗಾಳಿ ತುಂಬಬೇಕು. ಮುಖ್ಯ ಸಂಗತಿಯೆಂದರೆ ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಆ ಮುಳ್ಳನ್ನು ಹುಡುಕಿ ಕೀಳಬೇಕು. ಇಲ್ಲದಿದ್ದರೆ ನೂರು ಮಾರು ಹೋಗುವುದರೊಳಗೆ ಎರಡನೇ ಪಂಕ್ಚರ್. ಮೊದಲ ಸಲ ನನಗೆ ಐವತ್ತು ನಿಮಿಷ ಹಿಡಿಯಿತು, ಈಗ ಹದಿನೈದು ಸಾಕು. ಅದೇ ಬೇಲಿಯಲ್ಲಿ ಅದೇ ತಿಂಗಳು ಕಪ್ಪು ಕಪ್ಪು ಬ್ಲ್ಯಾಕ್‌ಬೆರಿ ಹಣ್ಣು ಗೊಂಚಲು ಗೊಂಚಲಾಗಿ ಬಿಟ್ಟಿರುತ್ತದೆ, ಕೇಳುವವರಿಲ್ಲ. ಗುಡ್ಡದಲ್ಲಿ ಕುಂಟಾಲ, ನೇರಳೆ ತಿಂದು ನಾಲಗೆ ಬಣ್ಣ ಮಾಡಿಕೊಂಡು ಬೆಳೆದವರು ಹೇಗೆ ತಾನೇ ದಾಟಿ ಹೋಗುವುದು?

ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆಯ ತನಕ ಬೆಳಕು, ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ಚಳಿಗಾಲದ ಸವಾರಿಯಲ್ಲಿ ಝುಹರ್ ನಮಾಝ್ ದಾರಿಯಲ್ಲೇ ಆಗುವುದುಂಟು. ಹೊಲದ ಗೇಟಿನ ಬಳಿ ಸ್ವಲ್ಪ ಗಟ್ಟಿ ನೆಲವಿರುತ್ತದೆ, ಮಡಚುವ ತೆಳು ಮುಸಲ್ಲಾ ಕುರ್ತಾದ ಜೇಬಿನಲ್ಲೇ ಹಿಡಿಯುತ್ತದೆ. ರೋಮನ್ನರ ಕಾಲದ ಗಾರ್ಟ್ರೀ ರಸ್ತೆ ಲೆಸ್ಟರ್‌ನಿಂದ ಆಗ್ನೇಯಕ್ಕೆ ಹೋಗುತ್ತದೆ. ಇಲ್ಲಿಂದ ಕಿಬ್ಲಾ ಕೂಡ ಹೆಚ್ಚುಕಡಿಮೆ ಅದೇ ದಿಕ್ಕು. ದಿಕ್ಸೂಚಿ ಬೇಕಾಗುವುದಿಲ್ಲ.

ಉಮ್ಮನಿಗಾಗಿ ನಾನು ಸರಿಯಾಗಿ ಅತ್ತದ್ದು ಆ ಗೇಟುಗಳಲ್ಲೊಂದರ ಬಳಿ, ಅವರು ಹೋಗಿ ಎರಡು ವರ್ಷದ ಮೇಲೆ. ನಮಾಝ್ ಮುಗಿಸಿ ಕೂತಿದ್ದೆ. ಅಳು ಬಂತು. ಯಾರೂ ಬಂದು ಭುಜ ಹಿಡಿಯಲಿಲ್ಲ, ನೀರು ತಂದು ಕೊಡಲಿಲ್ಲ, ಸಬರ್ ಮಾಡು ಎನ್ನಲಿಲ್ಲ. ಆಚೆ ಬದಿಯ ಕುರಿಗಳು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಮೇಯಲು ತೊಡಗಿದವು. ಸಾಕಾಗುವಷ್ಟು ಅತ್ತೆ. ಎದ್ದು ಮುಖ ಒರೆಸಿ ಸೈಕಲ್ ಹತ್ತಿದೆ.

ಹೆಂಗಸು ಮನೆಯಿಂದ ಹೊರಗೆ ಹೋಗುವುದಿಲ್ಲವೆಂದಲ್ಲ. ದಿನಕ್ಕೆ ನಾಲ್ಕು ಸಲ ಹೋಗುತ್ತೇವೆ. ಶಾಲೆಗೆ, ಅಂಗಡಿಗೆ, ದವಾಖಾನೆಗೆ, ಮದುವೆಗೆ, ಮಯ್ಯಿತ್ತಿನ ಮನೆಗೆ. ಪ್ರತಿಯೊಂದಕ್ಕೂ ಒಂದು ಕಾರಣವಿರುತ್ತದೆ, ಆ ಕಾರಣ ಬಹುತೇಕ ಬೇರೆ ಯಾರದೋ ಆಗಿರುತ್ತದೆ. ಗಂಡಸರು ಹಾಗಲ್ಲ, ‘ಸ್ವಲ್ಪ ಹೊರಗೆ ಹೋಗಿ ಬರುತ್ತೇನೆ’ ಎನ್ನುತ್ತಾರೆ, ಹೋಗುತ್ತಾರೆ. ಯಾಕೆಂದು ಯಾರೂ ಕೇಳುವುದಿಲ್ಲ. ಈ ಸಣ್ಣ ಮಾತನ್ನು ನಾನು ಬಾಯಿ ಬಿಟ್ಟು ಹೇಳಬೇಕಾಗಿ ಬಂದದ್ದು 2022ರ ಬೇಸಿಗೆಯಲ್ಲಿ, ಮಾಮಿ ಅಂದರೆ ನನ್ನ ಅತ್ತೆ, ಮೂರು ತಿಂಗಳು ನಮ್ಮಲ್ಲಿದ್ದಾಗ.

ಶನಿವಾರ ಬೆಳಿಗ್ಗೆ ನಾನು ಸವಾರಿ ಮುಗಿಸಿ ಬಂದಾಗ ಮಾಮಿ ಬಾಗಿಲಲ್ಲೇ ಕೂತಿದ್ದರು.

“ಎಲ್ಲಿಗೆ ಹೋಗಿದ್ದೆ?”

“ಗಾಲ್ಬಿ ಕಡೆಗೆ, ಮಾಮಿ.”

“ಅಲ್ಲಿ ಯಾರಿದ್ದಾರೆ?”

“ಯಾರೂ ಇಲ್ಲ.”

“ಏನು ತಂದೆ?”

“ಏನೂ ಇಲ್ಲ ಮಾಮಿ. ಸುಮ್ಮನೆ ಹೋಗಿ ಬಂದೆ.”

ಅವರು ಮತ್ತೆ ಮಾತಾಡಲಿಲ್ಲ. ಆ ಮೌನ ಬೈಗುಳಕ್ಕಿಂತ ಭಾರವಾಗಿತ್ತು. ಸಂಜೆ ಮಗನ ಹತ್ತಿರ, “ನಲವತ್ತು ದಾಟಿದ ಹೆಂಗಸು, ಕಾಫಿ ಕುಡಿಯುವ ಹೊತ್ತಿಗೆ ಮನೆಯಲ್ಲಿಲ್ಲ. ಊರಿನಲ್ಲಿ ಯಾರಾದರೂ ಕೇಳಿದರೆ ಏನು ಹೇಳಲಿ?” ಎಂದರಂತೆ. ಮಾಮಿ ಕೆಟ್ಟವರಲ್ಲ. ಇಪ್ಪತ್ತೆಂಟನೇ ವಯಸ್ಸಿಗೆ ವಿಧವೆಯಾಗಿ ಬೀಡಿ ಕಟ್ಟಿ ನಾಲ್ಕು ಮಕ್ಕಳನ್ನು ಓದಿಸಿದವರು. ಅವರು ಮನೆಯಿಂದ ಹೊರಗೆ ಕಾಲಿಟ್ಟ ಒಂದೊಂದು ಸಲಕ್ಕೂ ಊರಿಗೆ ಲೆಕ್ಕ ಒಪ್ಪಿಸಬೇಕಿತ್ತು. ಬೀಡಿ ಕೊಡಲಿಕ್ಕೆ, ರೇಷನ್ ತರಲಿಕ್ಕೆ, ಮಗನ ಫೀಸಿಗೆ. ಲೆಕ್ಕವಿಲ್ಲದೆ ಹೊರಗೆ ಹೋಗಬಹುದೆಂಬುದು ಅವರ ಬದುಕಿನಲ್ಲಿ ಇರಲೇ ಇಲ್ಲ. ನಾನು ವಾದಿಸಲಿಲ್ಲ, ಸೈಕಲ್ಲನ್ನೂ ಬಿಡಲಿಲ್ಲ. ಫಜರ್ ಮುಗಿಸಿ ಹೊರಟು ಕಾಫಿಯ ಹೊತ್ತಿಗೆ ಮನೆ ಸೇರಿಕೊಳ್ಳುವಂತೆ ಸಮಯ ಬದಲಿಸಿದೆ, ಅಷ್ಟೇ.

ಆಗಸ್ಟಿನ ಕೊನೆಯ ಒಂದು ಭಾನುವಾರ ಪತಿ ಕಾರಿನಲ್ಲಿ ಮಾಮಿಯನ್ನು ಕರೆದುಕೊಂಡು ಕಿಂಗ್ಸ್ ನಾರ್ಟನ್ ಹತ್ತಿರದ ಓಣಿಗೆ ಬಂದರು. ನಾನು ಸೈಕಲ್ಲಿನಲ್ಲಿ ಮುಂಚೆಯೇ ತಲುಪಿದ್ದೆ. ಗೇಟಿನ ಬಳಿ ಮಡಚುವ ಕುರ್ಚಿ ಹಾಕಿ ಮಾಮಿಯನ್ನು ಕೂರಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟೆವು. ಗೋಧಿ ಕೊಯ್ಲು ಮುಗಿದ ಹೊಲ, ದೂರದಲ್ಲಿ ಹುಲ್ಲಿನ ದೊಡ್ಡ ದೊಡ್ಡ ಉರುಳೆಗಳು. ಸ್ವಲ್ಪ ಹೊತ್ತಾದ ಮೇಲೆ ಮಾಮಿ, “ನೀವಿಬ್ಬರೂ ಆ ತಿರುವಿನ ತನಕ ನಡೆದು ಬನ್ನಿ, ನಾನು ಇಲ್ಲೇ ಇರುತ್ತೇನೆ” ಎಂದರು. ನಾವು ಹಿಂದೆ ಬರುವಾಗ ಅರ್ಧ ಗಂಟೆ ಕಳೆದಿತ್ತು. ಅವರು ಹಾಗೆಯೇ ಕೂತಿದ್ದರು. ತಸ್ಬೀಹ್ ಮಡಿಲಲ್ಲಿತ್ತು, ಕೈ ಅದರ ಮೇಲಿರಲಿಲ್ಲ. ಚಹಾ ತಣ್ಣಗಾಗಿತ್ತು.

“ಬೇಸರ ಆಯ್ತಾ ಮಾಮಿ? ಏನು ಮಾಡ್ತಿದ್ರಿ?” ಎಂದು ಕೇಳಿದೆ.

“ಏನೂ ಮಾಡ್ಲಿಲ್ಲ” ಎಂದರು.

ಕಾರು ಹತ್ತುವಾಗ ಮತ್ತೊಮ್ಮೆ ಹೊಲದ ಕಡೆ ತಿರುಗಿ ನೋಡಿ, “ಮುಂದಿನ ವಾರವೂ ಈ ಕಡೆ ಬರ್ತೀಯಾ?” ಎಂದು ಕೇಳಿದರು.